ಕೆಂಪು ಕಾರಿನೊಳಗಿನ ಕೆಲಸ

ಕಳೆದ ಒಂದು ವರ್ಷದಲ್ಲಿ ಉದ್ಯೋಗ ಮಾಹಿತಿಯ ಪುಟಗಳನ್ನು ನಾನು ಓದಿದಷ್ಟು ಶ್ರದ್ಧೆಯಿಂದ ಪಠ್ಯಪುಸ್ತಕಗಳನ್ನೂ ಓದಿರಲಿಲ್ಲ. ಬ್ಯಾಂಕ್ ಕ್ಲರ್ಕ್, ಎಫ್‌ಡಿಎ, ಎಸ್‌ಡಿಎ, ರೈಲ್ವೆ, ಡೇಟಾ ಎಂಟ್ರಿ, ‘ಅನುಭವ ಇದ್ದವರಿಗೆ ಆದ್ಯತೆ’. ಈ ಯಾವ ಪಟ್ಟಿಯಲ್ಲೂ ಸಿಗದ ಒಂದು ಕೆಲಸ ಉಂಟು. ಅದಕ್ಕೆ ಅರ್ಜಿ ನಮೂನೆ ಇಲ್ಲ, ಕಟ್‌ ಆಫ್ ಇಲ್ಲ, ಕೋಚಿಂಗ್ ಸೆಂಟರ್ ಅಂತೂ ಇಲ್ಲವೇ ಇಲ್ಲ. ಸೈಕಲ್ ರೇಸಿನ ನಿರ್ದೇಶಕನ ಕೆಲಸ.

ಹೀಗೊಂದು ಕೆಲಸ ಇದೆ ಎಂದು ನನಗೆ ಗೊತ್ತಾದದ್ದು ಮಳೆಯ ಕಾರಣದಿಂದ. ಕಾರ್ತೆಲ್ ಮುಗಿದು ಆಟಿ ಹಿಡಿಯುವ ಹೊತ್ತಿಗೆ ನರಿಕೊಂಬಿನಲ್ಲಿ ಮನೆಯಿಂದ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುವ ಅದೇ ಜುಲೈ ತಿಂಗಳಲ್ಲಿ ಫ್ರಾನ್ಸಿನಲ್ಲಿ ಮೂರು ವಾರ ಟೂರ್ ಡಿ ಫ್ರಾನ್ಸ್ ನಡೆಯುತ್ತದೆ. ಎಂಟನೇ ತರಗತಿಯಲ್ಲಿ ಸರಕಾರ ಕೊಟ್ಟ ಸೈಕಲ್ಲಿನಲ್ಲಿ ಮೇಲ್ಕಾರ್, ಪಾಣೆಮಂಗಳೂರು ಎಂದು ಸುತ್ತಿದವಳು ನಾನು. ಹಾಗಾಗಿ ಮೊಬೈಲಿನಲ್ಲಿ ಆ ರೇಸಿನ ತುಣುಕುಗಳನ್ನು ನೋಡುವ ಚಟ ಹತ್ತಿತು. ನೋಡನೋಡುತ್ತ ಸವಾರರಿಗಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಅವರ ಮುಂದೆ ಹೋಗುವ ಕೆಂಪು ಕಾರು. ಅದರ ಮೇಲಿನ ಕಿಂಡಿ ತೆರೆದು ಒಬ್ಬರು ಎದ್ದು ನಿಲ್ಲುತ್ತಾರೆ. ಊರಿನೊಳಗೆಲ್ಲ ಸವಾರರು ಆ ಕಾರಿನ ಹಿಂದೆ ಮೆರವಣಿಗೆಯ ಹಾಗೆ ನಿಧಾನವಾಗಿ ಬರುತ್ತಾರೆ. ಊರು ದಾಟಿದ ಮೇಲೆ ಕಾರಿನಲ್ಲಿದ್ದವರು ಬಾವುಟ ಬೀಸುತ್ತಾರೆ. ಅಲ್ಲಿಂದ ನಿಜವಾದ ರೇಸ್ ಶುರು.

ಬಾವುಟ ಬೀಸುವುದೂ ಒಂದು ಕೆಲಸವೇ ಎಂದು ನನ್ನ ತಮ್ಮ ನಕ್ಕ. ಅವನ ಬಾಯಿ ಮುಚ್ಚಿಸುವುದಕ್ಕಾಗಿ ಹುಡುಕಿ ಓದಲು ಶುರು ಮಾಡಿದೆ. ಓದುತ್ತ ಹೋದಂತೆ ಒಬ್ಬ ಮನುಷ್ಯ ತುಂಬ ಇಷ್ಟವಾದರು, ಕೆಲವು ಕಡೆ ಸಿಟ್ಟೂ ಬಂತು. ಅವರ ಹೆಸರು ಜ್ಯಾಂ-ಮಾರಿ ಲೆಬ್ಲಾಂ. 1989ರಿಂದ 2000ದ ದಶಕದ ಮಧ್ಯದವರೆಗೆ ಟೂರ್ ಡಿ ಫ್ರಾನ್ಸ್ ನಡೆಸಿದವರು.

ಅವರ ಕತೆಗೆ ಮೊದಲು ಈ ಹುದ್ದೆ ಹುಟ್ಟಿದ್ದು ಹೇಗೆಂದು ಹೇಳಬೇಕು. ಪತ್ರಿಕೆ ಓದುವ ನಮಗೆ ಅದು ತಮಾಷೆಯಾಗಿಯೇ ಕಾಣುತ್ತದೆ. ಟೂರ್ ಡಿ ಫ್ರಾನ್ಸ್ ಹುಟ್ಟಿದ್ದು ಕ್ರೀಡೆಗಾಗಿ ಅಲ್ಲ, ಪತ್ರಿಕೆ ಮಾರುವುದಕ್ಕೆ. ಪ್ಯಾರಿಸಿನಲ್ಲಿ ‘ಲೋಟೊ’ ಎಂಬ ಕ್ರೀಡಾ ಪತ್ರಿಕೆ ಇತ್ತು, ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು. ಎದುರಾಳಿ ಪತ್ರಿಕೆಯ ಮುಂದೆ ಅದು ಸೋಲುತ್ತಿತ್ತು. ಏನಾದರೂ ಮಾಡಬೇಕಲ್ಲ ಎಂದು ಸಂಪಾದಕ ಆನ್ರಿ ದೆಗ್ರಾಂಜ್ ತಲೆ ಕೆಡಿಸಿಕೊಂಡಿದ್ದಾಗ ಜೆಯೊ ಲೆಫೆವ್ರ್ ಎಂಬ ಎಳೆಯ ವರದಿಗಾರ, ಇಡೀ ಫ್ರಾನ್ಸನ್ನು ಸುತ್ತುವ ರೇಸ್ ಮಾಡೋಣ ಎಂದ. 1903ರಲ್ಲಿ 60 ಮಂದಿ ಹೊರಟರು, ಆರು ಹಂತಗಳಲ್ಲಿ 2,428 ಕಿಲೋಮೀಟರ್. ಕೊನೆ ಮುಟ್ಟಿದವರು 21 ಮಂದಿ. ಪತ್ರಿಕೆಯ ಮಾರಾಟ ಒಮ್ಮೆಗೇ ಏರಿತು. ಮಜಾ ಏನೆಂದರೆ ಆ ಮೊದಲ ವರ್ಷ ರೇಸಿನ ಹಿಂದೆ ರೈಲಿನಲ್ಲಿ, ಸೈಕಲ್ಲಿನಲ್ಲಿ ಅಲೆದವನು ಲೆಫೆವ್ರ್. ದೆಗ್ರಾಂಜ್ ಕಚೇರಿಯಲ್ಲೇ ಉಳಿದರು. ಮುಂದಿನ ವರ್ಷ ಸವಾರರು ಎಷ್ಟು ಮೋಸ ಮಾಡಿದರೆಂದರೆ ಮೊದಲ ನಾಲ್ಕು ಸ್ಥಾನ ಪಡೆದವರನ್ನೂ ಅನರ್ಹಗೊಳಿಸಿ, ಐದನೆಯವನಾದ ಹತ್ತೊಂಬತ್ತರ ಹುಡುಗ ಆನ್ರಿ ಕೊರ್ನೆಗೆ ಪ್ರಶಸ್ತಿ ಕೊಡಬೇಕಾಯಿತು.

ದೆಗ್ರಾಂಜ್ ಕಾಲದ ಇನ್ನೊಂದು ಪ್ರಸಂಗ ಬಿಡಲು ಮನಸ್ಸಾಗುವುದಿಲ್ಲ. 1910ರಲ್ಲಿ ರೇಸನ್ನು ಪಿರನೀಸ್ ಪರ್ವತಗಳ ಮೇಲೆ ಒಯ್ಯಬೇಕೆಂದು ಅಲ್ಫೋನ್ಸ್ ಸ್ಟೈನೆಸ್ ಎಂಬ ಸಹೋದ್ಯೋಗಿ ಹಟ ಹಿಡಿದ. ದಾರಿ ನೋಡಿ ಬಾ ಎಂದು ಅವನನ್ನೇ ಕಳಿಸಿದರು. ತುರ್ಮಲೆ ಎಂಬ ಕಣಿವೆದಾರಿಯಲ್ಲಿ ಹಿಮ ಬಿದ್ದು ಕಾರು ಮುಂದೆ ಹೋಗಲಿಲ್ಲ. ಅವನು ರಾತ್ರಿ ಹೊತ್ತು ಹಿಮದಲ್ಲಿ ನಡೆದೇ ದಾಟಿದ, ಸತ್ತೇ ಹೋಗುತ್ತಿದ್ದ. ಬದುಕಿ ಕೆಳಗಿಳಿದ ಮೇಲೆ ಪ್ಯಾರಿಸಿಗೆ ತಂತಿ ಕೊಟ್ಟ: ದಾರಿ ಚೆನ್ನಾಗಿದೆ, ದಾಟಬಹುದು ಎಂದು! ಆ ವರ್ಷ ಸವಾರರು ಆ ಬೆಟ್ಟಗಳನ್ನು ಹತ್ತಿದರು. ಒಕ್ತಾವ್ ಲಾಪೀಜ್ ಎಂಬ ಸವಾರ ಸಂಘಟಕರ ಮುಖ ನೋಡಿ ನೀವು ಕೊಲೆಗಾರರು ಎಂದು ಕೂಗಿದ. ಆ ವರ್ಷ ಗೆದ್ದವನೂ ಅವನೇ. ತುರ್ಮಲೆ ಇವತ್ತಿಗೂ ಟೂರಿನ ಹೆಮ್ಮೆಯ ದಾರಿ.

ದೆಗ್ರಾಂಜ್ ನಂತರ ಜಾಕ್ ಗೊದೆ. 1936ರಲ್ಲಿ ಹಿಡಿದ ಚುಕ್ಕಾಣಿಯನ್ನು ಅವರು ಬಿಟ್ಟದ್ದು ಸುಮಾರು ಅರ್ಧ ಶತಮಾನದ ಮೇಲೆ. ಅವರೂ ಪತ್ರಕರ್ತರೇ, 1946ರಲ್ಲಿ ‘ಲೆಕಿಪ್’ ಕ್ರೀಡಾ ಪತ್ರಿಕೆ ಸ್ಥಾಪಿಸಿದವರು. ಇಟಲಿಯ ದೊಡ್ಡ ರೇಸ್ ಜೀರೋ ಡಿ ಇಟಾಲಿಯಾವನ್ನು 1909ರಲ್ಲಿ ಶುರು ಮಾಡಿದ್ದು ಗುಲಾಬಿ ಕಾಗದದ ಇನ್ನೊಂದು ಪತ್ರಿಕೆ. ಟೂರಿನಲ್ಲಿ ಮುಂದಿರುವವನಿಗೆ ಹಳದಿ ಅಂಗಿ, ಜೀರೋದಲ್ಲಿ ಗುಲಾಬಿ ಅಂಗಿ ಯಾಕೆಂದು ಈಗ ಹೇಳಬೇಕಾಗಿಲ್ಲ ತಾನೇ?

ಲೆಬ್ಲಾಂ ಬಂದದ್ದೂ ಇದೇ ಬಾಗಿಲಿನಿಂದ. ಆದರೆ ಅವರಿಗೆ ಸೀಟಿನ ಮೇಲೆ ಕೂತು ಬೆವರಿದ ಅನುಭವ ಇತ್ತು. 1944ರಲ್ಲಿ ಹುಟ್ಟಿ, ಬೆಲ್ಜಿಯಂ ಗಡಿಯ ಹತ್ತಿರದ ಉತ್ತರ ಫ್ರಾನ್ಸಿನಲ್ಲಿ ಬೆಳೆದರು. ಅರ್ಥಶಾಸ್ತ್ರ ಓದಿದರು. 1967ರಿಂದ 1971ರವರೆಗೆ ವೃತ್ತಿಪರ ಸವಾರರಾಗಿದ್ದರು. ಟೂರ್ ಡಿ ಫ್ರಾನ್ಸನ್ನು ಎರಡು ಸಲ ಪೂರ್ತಿ ಮಾಡಿದರು: 1968ರಲ್ಲಿ 58ನೇ ಸ್ಥಾನ, 1970ರಲ್ಲಿ 83ನೇ ಸ್ಥಾನ. ಅಂದರೆ ಮೊದಲು ಮನೆಗೆ ಹೋದವರೂ ಅಲ್ಲ, ಮೊದಲು ಗುರಿ ಮುಟ್ಟಿದವರೂ ಅಲ್ಲ. ನಾಯಕನಿಗೆ ನೀರಿನ ಬಾಟಲಿ ತಂದುಕೊಡುವ, ಗಾಳಿಗೆ ಎದೆಯೊಡ್ಡಿ ಅವನನ್ನು ಮುಂದೆ ಒಯ್ಯುವ ಸವಾರರ ಸಾಲಿನವರು. 27ನೇ ವಯಸ್ಸಿಗೆ ಸೈಕಲ್ ಬಿಟ್ಟು ‘ಲಾ ವಾ ದ್ಯು ನೋರ್’ ಎಂಬ ಪ್ರಾದೇಶಿಕ ಪತ್ರಿಕೆಗೆ ಸೇರಿದರು. ಮುಂದೆ ‘ಲೆಕಿಪ್’ನಲ್ಲಿ ಸೈಕ್ಲಿಂಗ್ ವಿಭಾಗದ ಮುಖ್ಯಸ್ಥರಾದರು. ಅಲ್ಲಿಂದ ಟೂರಿನ ಕಾರಿಗೆ.

ಈ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ಅರ್ಥಶಾಸ್ತ್ರದ ಪದವಿ, 83ನೇ ಸ್ಥಾನ, ಪತ್ರಿಕೆಯ ವರದಿಗಾರಿಕೆ. ನಮ್ಮಲ್ಲಿ ಇದನ್ನು ಬಯೋಡೇಟಾದಲ್ಲಿ ಬರೆದುಕೊಂಡು ಹೋದರೆ ಇಂಟರ್‌ವ್ಯೂನಲ್ಲಿ ಕೇಳುವ ಮೊದಲ ಪ್ರಶ್ನೆ, ‘ಯಾಕೆ ಒಂದರಲ್ಲೂ ನಿಲ್ಲಲಿಲ್ಲ?’

ಇನ್ನು ಕೆಲಸ ಏನೆಂಬುದು. ನಮ್ಮ ಊರಿನ ದಾರಿಯಲ್ಲೇ ಇಟ್ಟು ನೋಡೋಣ. ಬಿ.ಸಿ.ರೋಡಿನಿಂದ ಹೊರಟು ಬೆಳ್ತಂಗಡಿ, ಉಜಿರೆ ದಾಟಿ, ಚಾರ್ಮಾಡಿ ಘಾಟಿಯ ಹನ್ನೊಂದು ತಿರುವು ಹತ್ತಿ ಕೊಟ್ಟಿಗೆಹಾರದಲ್ಲಿ ಮುಗಿಯುವ ಒಂದು ಹಂತ ಎಂದಿಟ್ಟುಕೊಳ್ಳಿ. 170-180 ಸವಾರರು, ಅವರ ಹಿಂದೆ ಪ್ರತಿ ತಂಡಕ್ಕೆ ಎರಡು ಕಾರು, ಪೊಲೀಸ್ ಬೈಕುಗಳು, ಟಿವಿಯವರ ಬೈಕುಗಳು, ಆಂಬುಲೆನ್ಸ್, ವೈದ್ಯರು, ಕೊನೆಯಲ್ಲಿ ಸೋತು ಇಳಿದವರನ್ನು ಹತ್ತಿಸಿಕೊಳ್ಳುವ ‘ಪೊರಕೆ ಗಾಡಿ’. ಹೌದು, ಅವರ ಭಾಷೆಯಲ್ಲೂ ಅದರ ಹೆಸರು ಅದೇ, ಗುಡಿಸಿಕೊಂಡು ಬರುವ ಗಾಡಿ. ರಸ್ತೆಯ ಪ್ರತಿ ಉಬ್ಬು, ಪ್ರತಿ ಸರ್ಕಲ್, ಪ್ರತಿ ಕಿರಿದಾದ ಸೇತುವೆ ತಿಂಗಳುಗಳ ಮೊದಲೇ ಪುಸ್ತಕದಲ್ಲಿ ಅಚ್ಚಾಗಿರಬೇಕು. ಎಲ್ಲಿ ಊಟದ ಚೀಲ ಕೊಡುವುದು, ಎಲ್ಲಿ ಬಾಟಲಿ ಎಸೆಯಬಹುದು, ಎಷ್ಟು ಗಂಟೆಗೆ ಮುಂದಿನವರು ಉಜಿರೆ ಮುಟ್ಟುತ್ತಾರೆ, ಇನ್ನೂ ನಿಧಾನ ಹೋದರೆ ಎಷ್ಟು ಗಂಟೆಗೆ, ಎಲ್ಲಕ್ಕೂ ಲೆಕ್ಕ. ರೈಲ್ವೆ ಗೇಟು ಇದ್ದರೆ ರೈಲಿನ ಸಮಯ. ಆ ಹೊತ್ತಿನಲ್ಲಿ ಧರ್ಮಸ್ಥಳದ ಬಸ್ಸುಗಳನ್ನು ಎಲ್ಲಿ ನಿಲ್ಲಿಸುವುದು? ಮದುವೆ ದಿಬ್ಬಣ ಬಂದರೆ? ದನ ಅಡ್ಡ ಬಂದರೆ?

ಕೊನೆಯ ಎರಡು ಪ್ರಶ್ನೆ ತಮಾಷೆಗೆ ಅಲ್ಲ. ಕಾಲೇಜಿನಲ್ಲಿದ್ದಾಗ ಒಂದು ರಸ್ತೆ ಓಟಕ್ಕೆ ಎನ್ನೆಸ್ಸೆಸ್ ಸ್ವಯಂಸೇವಕಿಯಾಗಿ ನನ್ನನ್ನು ಒಂದು ತಿರುವಿನಲ್ಲಿ ನಿಲ್ಲಿಸಿದ್ದರು. ಕೈಯಲ್ಲಿ ಒಂದು ಕೆಂಪು ಬಟ್ಟೆ, ಕುತ್ತಿಗೆಯಲ್ಲಿ ಗುರುತುಪತ್ರ. ಓಟಗಾರರು ಬರಲು ಇನ್ನೂ ಎರಡು ನಿಮಿಷ ಇದೆ ಎನ್ನುವಾಗ ಒಂದು ಬಸ್ಸು ಬಂತು. ಚಾಲಕ ಕಿಟಕಿಯಿಂದ ಇಣುಕಿ, “ನನಗೆ ಟೈಮಿಂಗ್ ಉಂಟು ಮಾರಾಯ್ತಿ, ನಿನ್ನ ಓಟ ಆಮೇಲೆ” ಎಂದರು. ಬಸ್ಸಿನೊಳಗಿನ ಅಜ್ಜಿಯೊಬ್ಬರು, “ನಿಲ್ಲಿಸಿ, ಮಕ್ಕಳು ಬರಲಿ” ಎಂದದ್ದಕ್ಕೆ ಬಸ್ಸು ನಿಂತಿತು, ನನ್ನ ಕೆಂಪು ಬಟ್ಟೆಗೆ ಅಲ್ಲ. ಮೂರೂವರೆ ಸಾವಿರ ಕಿಲೋಮೀಟರಿನ ಉದ್ದಕ್ಕೂ ಇಂಥ ತಿರುವು ಎಷ್ಟು ಸಾವಿರ ಇರಬಹುದೆಂದು ಆಮೇಲೆ ಯೋಚಿಸಿದ್ದೇನೆ.

ಸಮವಸ್ತ್ರ ಹಾಕಿದವರನ್ನು ನಿಲ್ಲಿಸಿದರೂ ಸಾಲುವುದಿಲ್ಲ. 1994ರ ಜುಲೈ 3ರಂದು, ಲೆಬ್ಲಾಂ ನಡೆಸುತ್ತಿದ್ದ ಟೂರಿನ ಮೊದಲ ಹಂತ ಅರ್ಮಾಂತಿಯೇರ್ ಪಟ್ಟಣದಲ್ಲಿ ಮುಗಿಯುವಾಗ, ಜನರನ್ನು ನಿಯಂತ್ರಿಸಲು ನಿಂತಿದ್ದ ಪೊಲೀಸನೇ ಫೋಟೊ ತೆಗೆಯಲು ರಸ್ತೆಗೆ ಬಾಗಿದ. ಪೂರ್ತಿ ವೇಗದಲ್ಲಿ ಬರುತ್ತಿದ್ದ ವಿಲ್ಫ್ರೀಡ್ ನೆಲಿಸೆನ್ ಅವನಿಗೆ ಬಡಿದರು. ಲೋರಾಂ ಜಲಾಬೇರ್ ಮುಖದ ಮೇಲೆ ಬಿದ್ದು ಹಲ್ಲು ಮುರಿದುಕೊಂಡರು. ರೇಸಿನ ಮುಂದೆ ಹೋಗುವ ಪ್ರಚಾರ ವಾಹನಗಳಿಗೆ ಸಿಕ್ಕಿ 2000 ಮತ್ತು 2002ರಲ್ಲಿ ಮಕ್ಕಳು ಸತ್ತರು. ಇವೆಲ್ಲ ನಿರ್ದೇಶಕ ಮಾಡಿದ್ದಲ್ಲ. ಆದರೆ ಸಂಜೆ ಮೈಕಿನ ಮುಂದೆ ನಿಂತು ಉತ್ತರ ಹೇಳಬೇಕಾದವನು ಅವನೇ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಂಬಳ ನೋಡಿದವರಿಗೆ ಗೊತ್ತು. ನನ್ನ ಸೋದರಮಾವ ಹೊಕ್ಕಾಡಿಗೋಳಿ, ಮೂಡುಬಿದಿರೆ, ಕಕ್ಯಪದವು ಎಂದು ಋತುವಿಡೀ ಕಂಬಳದ ಹಿಂದೆ ಇರುವವರು, ಹೆಚ್ಚಾಗಿ ಕೋಣಗಳನ್ನು ಬಿಡುವ ಗಂತಿನ ಕಡೆ. ಓಡಿಸುವವರ ಹೆಸರು ಪೇಪರಿನಲ್ಲಿ ಬರುತ್ತದೆ. ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ದೇಶಕ್ಕೇ ಗೊತ್ತಾಯಿತು. ಅಲ್ಲಿ ಎರಡು ಜತೆ ಕೋಣಗಳನ್ನು ಸರಿಯಾಗಿ ನಿಲ್ಲಿಸಿ ಬಿಟ್ಟವರು ಯಾರು? “ಮಂಜೊಟ್ಟಿಯಲ್ಲಿ ಚಪ್ಪಾಳೆ ಓಡಿಸಿದವನಿಗೆ, ಗಂತಿನಲ್ಲಿ ಬೈಗುಳ ನಮಗೆ” ಎನ್ನುತ್ತಾರೆ ಮಾವ. ಕೋಣ ಬಿಡುವುದು ತಡವಾಗಿ ರಾತ್ರಿ ಕಳೆದು ಮರುದಿನ ಮಧ್ಯಾಹ್ನವಾದರೂ ಕಂಬಳ ಮುಗಿಯದಿರುವುದು, 24 ಗಂಟೆಯೊಳಗೆ ಮುಗಿಸಬೇಕೆಂದು ಸಮಿತಿ ಹೇಳುವುದು, ಕೋಣದ ಯಜಮಾನರು ಗೊಣಗುವುದು, ಇದೆಲ್ಲ ಪ್ರತಿ ಋತುವಿನಲ್ಲೂ ಉಂಟು.

ಕಂಬಳ ನಿಂತೇ ಹೋದ ಕಾಲವನ್ನೂ ಮಾವ ಕಂಡಿದ್ದಾರೆ. 2014ರ ಸುಪ್ರೀಂ ಕೋರ್ಟ್ ತೀರ್ಪು, 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆ, 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳನ್ನೇ ಕರೆತಂದು ನಡೆಸಿದ ಪ್ರತಿಭಟನೆ, ಆಮೇಲೆ ಕಾನೂನಿನ ತಿದ್ದುಪಡಿ, ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಒಪ್ಪಿಗೆ. ಆ ಅವಧಿಯಲ್ಲಿ ಮಾವ ಮನೆಯಲ್ಲಿ ಕೂತು ಟಿವಿಯಲ್ಲಿ ತೀರ್ಪಿನ ಸುದ್ದಿ ಕಾಯುತ್ತಿದ್ದದ್ದು ನನಗೆ ನೆನಪಿದೆ. ರೇಸ್ ನಡೆಸುವುದಕ್ಕಿಂತ ನಿಲ್ಲಿಸಿ ಮತ್ತೆ ಶುರು ಮಾಡುವುದು ಕಷ್ಟ ಎಂದು ಅವರೇ ಒಮ್ಮೆ ಹೇಳಿದರು. ಲೆಬ್ಲಾಂ ಅವರ ವೃತ್ತಿಜೀವನವನ್ನು ನಾನು ಓದಿದ್ದು ಆ ಮಾತನ್ನು ಇಟ್ಟುಕೊಂಡೇ.

1996ರ ಜುಲೈ 8. ವಾಲ್ ದಿಸೇರ್‌ನಿಂದ ಇಟಲಿಯ ಸೆಸ್ತ್ರಿಯೇರ್‌ಗೆ ಸುಮಾರು 190 ಕಿಲೋಮೀಟರಿನ ಹಂತ. ಇಸೆರಾನ್, ಗಾಲಿಬಿಯೇ ಎಂಬ ಎರಡು ಎತ್ತರದ ಕಣಿವೆದಾರಿಗಳನ್ನು ದಾಟಬೇಕಿತ್ತು. ಬೆಳಗ್ಗೆ ನೋಡಿದರೆ ಹಿಮ, ಬಿರುಗಾಳಿ. ಎಂಟು ವರ್ಷದ ಹಿಂದೆ, 1988ರ ಜೂನ್ 5ರಂದು, ಜೀರೋ ರೇಸಿನಲ್ಲಿ ಇಂಥದೇ ಸ್ಥಿತಿ ಬಂದಾಗ ಅಲ್ಲಿನ ನಿರ್ದೇಶಕ ವಿನ್ಚೆಂತ್ಸೊ ತೊರ್ರಿಯಾನಿ ಸವಾರರನ್ನು ಗಾವಿಯಾ ಪರ್ವತದ ಹಿಮದೊಳಗೇ ಕಳಿಸಿದ್ದರು. ಕೈ ಮರಗಟ್ಟಿ ಬ್ರೇಕ್ ಹಿಡಿಯಲಾಗದೆ ಸವಾರರು ಅಳುತ್ತ ಇಳಿದರು. ಇವತ್ತಿಗೂ ಅದನ್ನು ವೀರಗಾಥೆಯ ಹಾಗೆ ಹೇಳುತ್ತಾರೆ, ಚಿತ್ರಗಳೂ ಚೆನ್ನಾಗಿವೆ. ಲೆಬ್ಲಾಂ ಹಾಗೆ ಮಾಡಲಿಲ್ಲ. ಎರಡೂ ಪರ್ವತ ಬಿಟ್ಟು ಹಂತವನ್ನು 46 ಕಿಲೋಮೀಟರಿಗೆ ಇಳಿಸಿದರು. ಹಣ ಕೊಟ್ಟು ರೇಸನ್ನು ಬರಮಾಡಿಕೊಳ್ಳುವ ಊರುಗಳು, ನೇರ ಪ್ರಸಾರಕ್ಕೆ ಕಾದ ಟಿವಿ, ರಸ್ತೆ ಬದಿಯಲ್ಲಿ ಹಿಂದಿನ ದಿನದಿಂದ ಕೂತ ಜನ, ಎಲ್ಲರಿಗೂ ನಿರಾಸೆ. ನನಗಂತೂ ಗಾವಿಯಾದ ವೀರಗಾಥೆಗಿಂತ ಈ 46 ಕಿಲೋಮೀಟರ್ ದೊಡ್ಡದಾಗಿ ಕಾಣುತ್ತದೆ.

ಆದರೆ ಅದಕ್ಕೂ ಒಂದು ವರ್ಷ ಮೊದಲು ನಡೆದದ್ದರಲ್ಲಿ ತೂಕ ಅಷ್ಟು ಸುಲಭವಲ್ಲ. 1995ರ ಜುಲೈ 18ರಂದು ಪೋರ್ತೆ ದಾಸ್ಪೆ ಎಂಬ ಇಳಿಜಾರಿನಲ್ಲಿ ಇಟಲಿಯ ಫಾಬಿಯೊ ಕಸಾರ್ತೆಲಿ ಬಿದ್ದು ತೀರಿಕೊಂಡರು. 24 ವರ್ಷ. ಮೂರು ವರ್ಷದ ಹಿಂದೆ ಬಾರ್ಸಿಲೋನಾದಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದವರು. ಹಂತ ಮುಂದುವರಿಯಿತು. ಸಂಜೆ ವೇದಿಕೆಯಲ್ಲಿ ಬಹುಮಾನ ವಿತರಣೆಯೂ ಎಂದಿನಂತೆ ನಡೆದುಹೋಯಿತು, ಅದಕ್ಕೆ ಕಟು ಟೀಕೆಯೂ ಬಂತು. ಮರುದಿನ ಸವಾರರು ರೇಸ್ ಮಾಡಲಿಲ್ಲ. ಇಡೀ ಗುಂಪು ಒಟ್ಟಾಗಿ ಗಂಟೆಗಟ್ಟಲೆ ನಿಧಾನವಾಗಿ ತುಳಿಯಿತು. ಕೊನೆಯಲ್ಲಿ ಕಸಾರ್ತೆಲಿಯ ಮೊಟೊರೋಲಾ ತಂಡದವರನ್ನು ಮುಂದೆ ಬಿಟ್ಟು ಅವರೇ ಮೊದಲು ಗೆರೆ ದಾಟುವಂತೆ ಮಾಡಿದರು. ಆ ದಿನದ ಬಹುಮಾನದ ಹಣ ಕುಟುಂಬಕ್ಕೆ ಹೋಯಿತು. ಆ ದಿನ ನಿರ್ದೇಶಕನಿಗೆ ಮಾಡಲು ಇದ್ದದ್ದು ದಾರಿ ಬಿಟ್ಟುಕೊಡುವ ಕೆಲಸ ಮಾತ್ರ.

ಮತ್ತೆ ಬಂತು 1998. ಆ ವರ್ಷ ಟೂರ್ ಶುರುವಾದದ್ದು ಐರ್ಲೆಂಡಿನ ಡಬ್ಲಿನ್ನಿನಲ್ಲಿ, ಜುಲೈ 11ರಂದು. ಮೂರು ದಿನ ಮೊದಲು ಬೆಲ್ಜಿಯಂ ಗಡಿಯಲ್ಲಿ ಫೆಸ್ಟಿನಾ ತಂಡದ ಸಹಾಯಕ ವಿಲಿ ವೂತ್ ಎಂಬಾತನ ಕಾರಿನಲ್ಲಿ ಉದ್ದೀಪನ ಮದ್ದುಗಳ ರಾಶಿ ಸಿಕ್ಕಿತ್ತು. ಅದು ಲೆಬ್ಲಾಂ ಬೆಳೆದ ಸೀಮೆಯೇ. ಫೆಸ್ಟಿನಾ ಸಣ್ಣ ತಂಡವಲ್ಲ. ಅದರಲ್ಲಿ ರಿಷಾರ್ ವಿರಾಂಕ್ ಇದ್ದರು, ಫ್ರಾನ್ಸಿನ ಜನ ಹುಚ್ಚಾಗಿದ್ದ ಸವಾರ. ಮೊದಲು ಎಲ್ಲರೂ ಗೊತ್ತಿಲ್ಲ ಎಂದರು. ಆಮೇಲೆ ತಂಡದ ವ್ಯವಸ್ಥಾಪಕರೇ ಪೊಲೀಸರ ಮುಂದೆ ಒಪ್ಪಿಕೊಂಡರು. ಜುಲೈ 17ರ ರಾತ್ರಿ ಲೆಬ್ಲಾಂ ಇಡೀ ತಂಡವನ್ನು ಹೊರಹಾಕಿದ್ದಾಗಿ ಪ್ರಕಟಿಸಿದರು. ಮರುದಿನ ಬೆಳಗ್ಗೆ ರಸ್ತೆ ಬದಿಯ ಒಂದು ಸಣ್ಣ ಹೋಟೆಲಿನಲ್ಲಿ ವಿರಾಂಕ್ ಮತ್ತು ಜೊತೆಗಾರರು ಅವರನ್ನು ಕಂಡು ಬೇಡಿಕೊಂಡರು. ನಿರ್ಧಾರ ಬದಲಾಗಲಿಲ್ಲ. ವಿರಾಂಕ್ ಅಳುತ್ತ ಹೊರಬಂದ ಚಿತ್ರ ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತು.

ಅಲ್ಲಿಗೆ ಮುಗಿಯಲಿಲ್ಲ. ಪೊಲೀಸರು ಇತರ ತಂಡಗಳ ಕೋಣೆಗಳಿಗೂ ನುಗ್ಗಿದರು. ಜುಲೈ 24ರಂದು ಸವಾರರು ರಸ್ತೆಯಲ್ಲೇ ಹೊರಡಲು ಒಪ್ಪದೆ ನಿಂತರು. ಜುಲೈ 29ರಂದು ನೆಲಕ್ಕೆ ಕೂತೇಬಿಟ್ಟರು, ಬೆನ್ನಿನ ಸಂಖ್ಯೆಗಳನ್ನು ಕಿತ್ತುಹಾಕಿದರು. ಆ ಹಂತವೇ ರದ್ದಾಯಿತು. ಸ್ಪೇನಿನ ತಂಡಗಳು ಗಂಟುಮೂಟೆ ಕಟ್ಟಿದವು. ಲೆಬ್ಲಾಂ ಕಾರಿನಿಂದ ಇಳಿದು ಸವಾರರ ನಡುವೆ ಹೋಗಿ, ಅವರ ಪರವಾಗಿ ಮಾತಾಡುತ್ತಿದ್ದ ಬ್ಯಾರ್ನೆ ರೀಸ್ ಜೊತೆ ಚರ್ಚೆ ಮಾಡಿದರು. 83ನೇ ಸ್ಥಾನದ ಆ ಹಳೆಯ ಸವಾರನಿಗೆ ಕೆಲಸ ಬಂದದ್ದು ಅಲ್ಲಿ ಎಂದು ನನಗನಿಸುತ್ತದೆ. ರಸ್ತೆಯಲ್ಲಿ ಕೂತವರ ಭಾಷೆ ಅವರಿಗೆ ಗೊತ್ತಿತ್ತು. ಟೂರ್ ನಿಲ್ಲಿಸಿಬಿಡಿ ಎಂದು ಬರೆದ ಪತ್ರಿಕೆಗಳೂ ಇದ್ದವು. ಹೊರಟ 189 ಮಂದಿಯಲ್ಲಿ ಪ್ಯಾರಿಸ್ ಮುಟ್ಟಿದವರು 96. ಇಟಲಿಯ ಮಾರ್ಕೊ ಪಂತಾನಿ ಗೆದ್ದರು.

ನಿಲ್ಲಿಸಬೇಕಿತ್ತೇ? ನಾನು ಇದನ್ನು ಮಾವನಿಗೆ ಹೇಳಿ ಕೇಳಿದೆ. ಅವರು ಅಡಿಕೆ ಸುಲಿಯುತ್ತ, “ಒಂದು ಜತೆ ಮೋಸ ಮಾಡಿದರೆ ಆ ಜತೆಯನ್ನು ಹೊರಗೆ ಹಾಕಬೇಕು, ಕಂಬಳ ನಿಲ್ಲಿಸುವುದಲ್ಲ” ಎಂದರು. “ಎಲ್ಲ ಜತೆಯೂ ಮೋಸ ಮಾಡಿದ್ದರೆ ಮಾವ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೋಡುವವರಿಗೆ ಹೇಳಿ ಓಡಿಸಬೇಕು” ಎಂದರು.

ಲೆಬ್ಲಾಂ ಅವರ ಮೇಲೆ ನನಗೆ ಸಿಟ್ಟು ಬಂದದ್ದು ಈ ಜಾಗದಲ್ಲಿ. ಮುಂದಿನ ವರ್ಷದ, 1999ರ ಟೂರನ್ನು ‘ನವೀಕರಣದ ಟೂರ್’ ಎಂದು ಕರೆದರು. ಹಳೆಯ ಕೊಳೆ ತೊಳೆದುಹೋಯಿತು ಎಂಬ ಹಾಗೆ. ಆ ಟೂರ್ ಗೆದ್ದವನು ಕ್ಯಾನ್ಸರ್ ಜಯಿಸಿ ಬಂದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಅದೇ ಟೂರಿನಲ್ಲಿ ಅವನ ಪರೀಕ್ಷೆಯಲ್ಲಿ ಕಾರ್ಟಿಸೋನ್ ಅಂಶ ಸಿಕ್ಕಿತ್ತು, ಹಿಂದಿನ ತಾರೀಕು ಹಾಕಿದ ಔಷಧ ಚೀಟಿ ತೋರಿಸಿ ಪಾರಾದ. ಒಪ್ಪಿಕೊಂಡದ್ದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ನಿರ್ದೇಶಕರಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಶಿಕ್ಷೆ, ಸಮಯದ ದಂಡ ಇದೆಲ್ಲ ಒಕ್ಕೂಟ ನೇಮಿಸಿದ ತೀರ್ಪುಗಾರರ ಕೈಯಲ್ಲಿ ಇರುತ್ತದೆ. ಮೂರು ವಾರಗಳ ಇಷ್ಟು ದೊಡ್ಡ ಜಾತ್ರೆಯ ಯಜಮಾನನಿಗೆ ಒಬ್ಬ ಸವಾರನ ರಕ್ತದೊಳಗೆ ಏನಿದೆ ಎಂದು ತೀರ್ಮಾನಿಸುವ ಅಧಿಕಾರ ಇಲ್ಲ. ಆದರೂ ‘ನವೀಕರಣ’ ಎಂಬ ಮಾತನ್ನು ಯಾರೂ ಅವರ ಬಾಯಿಗೆ ತುರುಕಿರಲಿಲ್ಲ. ಆರ್ಮ್‌ಸ್ಟ್ರಾಂಗ್ 2005ರವರೆಗೆ ಸತತ ಏಳು ಸಲ ಗೆದ್ದ. 2012ರಲ್ಲಿ ಏಳನ್ನೂ ಕಿತ್ತುಕೊಂಡರು, ಬೇರೆ ಯಾರಿಗೂ ಕೊಡಲಿಲ್ಲ. ಲೆಬ್ಲಾಂ ನಡೆಸಿದ ಟೂರುಗಳ ವಿಜೇತರ ಪಟ್ಟಿ ತೆಗೆದರೆ ಏಳು ಸಾಲು ಖಾಲಿ. ಅವರ ಮೊದಲ ವರ್ಷವಾದ 1989ರಲ್ಲಿ ಗ್ರೆಗ್ ಲೆಮಾಂಡ್ ಕೊನೆಯ ದಿನದ 24.5 ಕಿಲೋಮೀಟರಿನಲ್ಲಿ ಲೋರಾಂ ಫಿನ್ಯೋನನ್ನು ಹಿಂದಿಕ್ಕಿ ಬರೀ 8 ಸೆಕೆಂಡಿನಿಂದ ಗೆದ್ದದ್ದು ಟೂರಿನ ಚರಿತ್ರೆಯಲ್ಲೇ ಅತಿ ಕಡಿಮೆ ಅಂತರ. ಅಲ್ಲಿಂದ ಶುರುವಾದ ಪಟ್ಟಿ ಹೀಗಾಗಿದೆ.

2007ರಿಂದ ಕ್ರಿಸ್ತಿಯಾನ್ ಪ್ರುದೊಮ್ ನಿರ್ದೇಶಕರು. ಅವರೂ ಟಿವಿ ಪತ್ರಕರ್ತರಾಗಿದ್ದವರೇ.

ನಮ್ಮಲ್ಲಿ ಇಂಥ ಕೆಲಸ ಎಲ್ಲುಂಟು ಎಂದು ನೀವು ಕೇಳುತ್ತೀರಿ. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ ಕಡೆ. ಅಲ್ಲಿನ ಮಕ್ಕಳು ರಾಷ್ಟ್ರೀಯ ಪದಕಗಳನ್ನು ತರುತ್ತಾರೆ. ಸವಾರರಿದ್ದಾರೆ, ಅವರಿಗೆ ಓಡಿಸಲು ದೊಡ್ಡ ರಸ್ತೆ ರೇಸುಗಳು ಕಡಿಮೆ. 2026ರ ಜನವರಿಯಲ್ಲಿ ಪುಣೆಯ ಸುತ್ತಮುತ್ತ ಹಲವು ಹಂತಗಳ ಅಂತರರಾಷ್ಟ್ರೀಯ ರೇಸ್ ನಡೆದಾಗ ನಾನು ಹಳ್ಳಿಯ ರಸ್ತೆ ಬದಿಯಲ್ಲಿ ನಿಂತ ಜನರನ್ನೇ ನೋಡುತ್ತಿದ್ದೆ. ಪ್ರತಿ ತಿರುವಿನಲ್ಲಿ ಯಾರೋ ಒಬ್ಬರು ಬಾವುಟ ಹಿಡಿದು ನಿಂತಿದ್ದರು. ಒಳಗೆ ಹೋಗುವ ದಾರಿ ಬೇಕಾದವರಿಗೆ ಒಂದು ಮಾತು: ಸೈಕ್ಲಿಂಗ್ ತೀರ್ಪುಗಾರರಾಗಲು ರಾಷ್ಟ್ರೀಯ ಮಟ್ಟದಿಂದ ಅಂತರರಾಷ್ಟ್ರೀಯ ಮಟ್ಟದವರೆಗೆ ಮೆಟ್ಟಿಲುಗಳಿವೆ, ತರಬೇತಿ ಮತ್ತು ಪರೀಕ್ಷೆ ಉಂಟು. ನಿರ್ದೇಶಕನಾಗಲು ಅಂಥ ಮೆಟ್ಟಿಲಿಲ್ಲ. ಯಾರದೋ ರೇಸಿನಲ್ಲಿ ಬ್ಯಾರಿಕೇಡ್ ಎತ್ತಿ ಇಡುವುದರಿಂದ ಶುರು ಮಾಡಬೇಕು.

ಇನ್ನೊಂದು ಸಂಗತಿ ಉಳಿಯಿತು, ನನಗೆ ಅದು ಮುಖ್ಯ. 1984ರಿಂದ ಗಂಡಸರ ಟೂರಿನ ಜೊತೆಗೇ ಹೆಂಗಸರ ಟೂರೂ ನಡೆಯುತ್ತಿತ್ತು. ಮೊದಲ ವರ್ಷ ಗೆದ್ದವರು ಅಮೆರಿಕದ ಮರಿಯಾನ್ ಮಾರ್ಟಿನ್. ಲೆಬ್ಲಾಂ ಬಂದ 1989ರಲ್ಲಿ ಅದು ಕೊನೆಯ ಸಲ ನಡೆಯಿತು. ಅವರ ಅಷ್ಟೂ ವರ್ಷಗಳಲ್ಲಿ ಅದು ಮತ್ತೆ ಗಂಡಸರ ಟೂರಿನ ಪಕ್ಕಕ್ಕೆ ಬರಲಿಲ್ಲ. ರೇಸ್ ನಿಲ್ಲಿಸಿ ಮತ್ತೆ ಶುರು ಮಾಡುವುದು ಕಷ್ಟ ಎಂಬ ಮಾವನ ಮಾತು ಇಲ್ಲಿಗೂ ಸಲ್ಲುತ್ತದೆ. 2022ರ ಜುಲೈ 24ರಂದು, ಗಂಡಸರ ರೇಸ್ ಪ್ಯಾರಿಸಿನಲ್ಲಿ ಮುಗಿಯುವ ದಿನವೇ, ಐಫೆಲ್ ಗೋಪುರದ ಬುಡದಿಂದ ಹೊಸ ಹೆಂಗಸರ ಟೂರ್ ಹೊರಟಿತು. ಅದರ ನಿರ್ದೇಶಕಿ ಮಾರಿಯೊನ್ ರೂಸ್. 1991ರಲ್ಲಿ ಹುಟ್ಟಿದವರು, 2012ರಲ್ಲಿ ಫ್ರಾನ್ಸಿನ ರಸ್ತೆ ಚಾಂಪಿಯನ್, ಆಮೇಲೆ ಟಿವಿಯಲ್ಲಿ ವೀಕ್ಷಕ ವಿವರಣೆ. ಹುಟ್ಟೂರು ಲೆಬ್ಲಾಂ ಬೆಳೆದ ಅದೇ ಉತ್ತರ ಸೀಮೆಯಲ್ಲಿ.

ನಿರ್ದೇಶಕಿಯಾದಾಗ ಅವರಿಗೆ ಮೂವತ್ತು ವರ್ಷ. ನನಗೆ ಈಗ ಇಪ್ಪತ್ತಮೂರು.